ರೋಬೋಟಿಕ್ಸ್ ಕಿಟ್ಟೋ, ರೇಷ್ಮೆ ಹುಳುವೋ? ಹೈಸ್ಕೂಲು ಮಕ್ಕಳ ಕೈಗೆ ಏನು ಕೊಡೋಣ

ಮೇ ತಿಂಗಳು ಮುಗಿಯುತ್ತಾ ಬಂದರೆ ನನಗೆ ಬರುವ ಫೋನುಗಳೆಲ್ಲ ಹೆಚ್ಚು ಕಡಿಮೆ ಒಂದೇ ಥರ. "ಮೇಡಂ, ಮಗಳನ್ನ ಎಂಟನೇ ಕ್ಲಾಸಿಗೆ ಸೇರಿಸ್ಬೇಕು. ಒಂದು ಸ್ಕೂಲಲ್ಲಿ ರೋಬೋಟಿಕ್ಸ್ ಲ್ಯಾಬ್ ಇದೆ, ಇನ್ನೊಂದರಲ್ಲಿ ದೊಡ್ಡ ತೋಟ ಇದೆ, ಮತ್ತೊಂದರಲ್ಲಿ ವರ್ಷಕ್ಕೆ ಮೂರು ಟ್ರಿಪ್ ಅಂತೆ. ಯಾವುದು ಒಳ್ಳೇದು ಹೇಳಿ." ಸಣ್ಣ ಖಾಸಗಿ ಶಾಲೆ ನಡೆಸುವ ಗೆಳೆಯರೂ ಕೇಳುತ್ತಾರೆ. ಅವರದು ಇನ್ನೊಂದು ಸಂಕಟ. ಕೈಯಲ್ಲಿ ಇರೋದು ಐವತ್ತೋ ಅರವತ್ತೋ ಸಾವಿರ, ಅದನ್ನ ಎಲ್ಲಿ ಹಾಕಿದರೆ ಮಕ್ಕಳಿಗೆ ನಿಜವಾಗಿ ಏನಾದರೂ ಸಿಗುತ್ತದೆ ಅನ್ನೋದು.

ನಾನು ತುಮಕೂರು ಕಡೆಯ ಒಂದು ಅನುದಾನರಹಿತ ಹೈಸ್ಕೂಲಿನಲ್ಲಿ 19 ವರ್ಷದಿಂದ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಮಕ್ಕಳು ಕೈಯಾರೆ ಮಾಡಿ ಕಲಿಯೋಕೆ ಇರುವ ದಾರಿಗಳನ್ನ ಕೆಳಗೆ ಒಂದೊಂದಾಗಿ ಹೇಳುತ್ತೇನೆ, ಅದರಲ್ಲಿ ಮುಕ್ಕಾಲು ಪಾಲನ್ನು ನಮ್ಮ ಶಾಲೆಯಲ್ಲೇ ಮಾಡಿ ನೋಡಿದ್ದೇವೆ. ಕೆಲವು ಚೆನ್ನಾಗಿ ನಡೆದವು, ಕೆಲವಕ್ಕೆ ಸುರಿದ ದುಡ್ಡು ನೆನೆಸಿಕೊಂಡರೆ ಈಗಲೂ ಬೇಜಾರಾಗುತ್ತದೆ. ಒಬ್ಬೊಬ್ಬರಿಗೇ ಫೋನಿನಲ್ಲಿ ಹೇಳುವ ಬದಲು ಇಲ್ಲೇ ಪೂರ್ತಿ ಬರೆದುಬಿಡುತ್ತೇನೆ.

ಮೊದಲು ಅಳತೆಗೋಲು

ನಾನು ಎಲ್ಲಕ್ಕಿಂತ ಮುಂಚೆ ನೋಡೋದು ಒಂದೇ. ಒಂದು ಗಂಟೆಯ ಕೆಲಸದಲ್ಲಿ ಒಂದು ಮಗುವಿನ ಕೈಗೆ ಸಾಮಾನು ಎಷ್ಟು ನಿಮಿಷ ಸಿಗುತ್ತದೆ? ನಾನಿದನ್ನ "ಕೈ ಸಮಯ" ಅಂತ ಕರೆಯುತ್ತೇನೆ. ಮೇಷ್ಟ್ರು ಮಾಡಿ ತೋರಿಸಿದ್ದು, ಮುಂದಿನ ಬೆಂಚಿನ ಇಬ್ಬರು ಮಾಡಿದ್ದನ್ನ ಉಳಿದವರು ನೋಡಿದ್ದು, ಇವು ಲೆಕ್ಕಕ್ಕೆ ಬರೋದಿಲ್ಲ. ಸುಮ್ನೆ ಒಂದು ದಿನ ಗಡಿಯಾರ ಹಿಡಿದು ಕೂತು ನೋಡಿ, ಅಳತೆ ತಾನಾಗೇ ಸಿಗುತ್ತದೆ.

ಎರಡನೆಯದು, ಆ ಕೆಲಸ ಮತ್ತೆ ಮತ್ತೆ ಬರುತ್ತದಾ, ಇಲ್ಲಾ ಒಂದು ದಿನದ ಜಾತ್ರೆಯಾ? ಮೂರನೆಯದು, ಮಗು ತಪ್ಪು ಮಾಡಿ, ಕೆಡಿಸಿ, ಇನ್ನೊಂದು ಸಲ ಮಾಡೋಕೆ ಜಾಗ ಇದೆಯಾ? ಸಾಮಾನು ತುಂಬಾ ದುಬಾರಿ ಆದರೆ ಅದನ್ನ ಮುಟ್ಟೋಕೇ ಬಿಡೋದಿಲ್ಲ, ಇದು ಎಲ್ಲ ಕಡೆ ನಡೆಯುವ ಮಾತು. ನಾಲ್ಕನೆಯದು ಖರ್ಚು. ತಲೆಗೆ ಎಷ್ಟು ಅನ್ನೋದರ ಜೊತೆ ಎರಡನೇ ವರ್ಷ ಎಷ್ಟು ಬೀಳುತ್ತದೆ ಅಂತಲೂ ಕೇಳಬೇಕು. ಐದನೆಯದು, ಇದನ್ನ ನಡೆಸೋರು ಯಾರು? ಹೊರಗಿನಿಂದ ಬರುವವರಾ, ಶಾಲೆಯ ಟೀಚರ್ರಾ? ಆ ಟೀಚರ್ ಕೆಲಸ ಬಿಟ್ಟು ಹೋದರೆ ಏನು ಗತಿ? ಖಾಸಗಿ ಶಾಲೆಗಳಲ್ಲಿ ಟೀಚರ್‌ಗಳು ಎಷ್ಟು ಬೇಗ ಬದಲಾಗುತ್ತಾರೆ ಅಂತ ನಿಮಗೂ ಗೊತ್ತಲ್ವಾ.

ಕೊನೆಗೆ ಮಾರ್ಕ್ಸು ಮತ್ತು ಸುರಕ್ಷತೆ. ಎಸ್‌ಎಸ್‌ಎಲ್‌ಸಿಯಲ್ಲಿ ವಿಜ್ಞಾನದ 100 ಅಂಕದಲ್ಲಿ 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಆ 20ನ್ನ ಶಾಲೆಯವರೇ ಕೊಡೋದು. ಸುಮಾರು ಶಾಲೆಗಳಲ್ಲಿ ಅದಕ್ಕೆ ಚಾರ್ಟ್ ಬರೆಸಿ ಮುಗಿಸುತ್ತಾರೆ. ಅದರ ಬದಲು ಮಕ್ಕಳು ನಿಜವಾಗಿ ಮಾಡಿದ ಕೆಲಸದ ದಾಖಲೆಯನ್ನೇ ಅಲ್ಲಿಗೆ ತಂದರೆ ಹತ್ತನೇ ಕ್ಲಾಸಿನ ಅಪ್ಪ ಅಮ್ಮಂದಿರೂ ತಕರಾರು ಮಾಡೋದಿಲ್ಲ. ಸುರಕ್ಷತೆಯ ಮಾತು ಟ್ರಿಪ್ ವಿಷಯಕ್ಕೆ ಬಂದಾಗ ಹೇಳುತ್ತೇನೆ.

ರೋಬೋಟಿಕ್ಸ್ ಮತ್ತು ಟಿಂಕರಿಂಗ್ ಲ್ಯಾಬ್

ಇದರಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಜಾಸ್ತಿ ದುಡ್ಡು ಹೋಗೋದು ಇಲ್ಲಿಗೆ.

ಕೆಲವು ವರ್ಷದ ಹಿಂದೆ ನಮ್ಮ ಶಾಲೆಗೆ ಒಂದು ಕಂಪನಿಯವರು ಬಂದರು. ಚೆಂದದ ಕಿಟ್ಟು, ಬಣ್ಣದ ಪುಸ್ತಕ, ವಾರಕ್ಕೊಮ್ಮೆ ಅವರದೇ ಟ್ರೇನರ್. ಮಗುವಿಗೆ ವರ್ಷಕ್ಕೆ 4,500 ರೂಪಾಯಿ. ಒಂದು ಸೆಕ್ಷನ್ನಿನಲ್ಲಿ 42 ಮಕ್ಕಳು, ಕೊಟ್ಟ ಕಿಟ್ಟು 6. ಅಂದರೆ ಒಂದು ಕಿಟ್ಟಿಗೆ 7 ಮಕ್ಕಳು. 40 ನಿಮಿಷದ ಪೀರಿಯಡ್ಡಿನಲ್ಲಿ ಲ್ಯಾಪ್‌ಟಾಪ್ ಆನ್ ಮಾಡಿ, ಕಿಟ್ಟು ಹಂಚಿ, ವಾಪಸ್ ಎಣಿಸಿಕೊಳ್ಳೋಕೇ 10 ನಿಮಿಷ. ಉಳಿದ 30ನ್ನ 7ರಿಂದ ಭಾಗಿಸಿದರೆ ತಲೆಗೆ 4 ನಿಮಿಷ ಚಿಲ್ಲರೆ. ರಜೆ, ಪರೀಕ್ಷೆ, ಟ್ರೇನರ್ ಬಾರದ ವಾರ ಎಲ್ಲ ಕಳೆದು ಆ ವರ್ಷ 28 ಪೀರಿಯಡ್ ನಡೆದವು. ಒಟ್ಟು ಒಂದು ಮಗುವಿಗೆ ಸಿಕ್ಕಿದ ಕೈ ಸಮಯ 2 ಗಂಟೆ. ಗಂಟೆಗೆ 2,250 ರೂಪಾಯಿ! ಅದೂ ಎಲ್ಲರಿಗೂ ಸಮ ಸಿಕ್ಕಿದ್ದರೆ. ನಿಜ ಹೇಳಬೇಕು ಅಂದರೆ ಪ್ರತಿ ಗುಂಪಿನಲ್ಲೂ ಇಬ್ಬರು ಗಂಡು ಹುಡುಗರು ಕಿಟ್ಟು ಹಿಡಿದರು, ಹೆಣ್ಣುಮಕ್ಕಳು ಪುಸ್ತಕದಲ್ಲಿ ಚಿತ್ರ ಬರೆದರು. ಎರಡನೇ ವರ್ಷ ಟ್ರೇನರ್ ಬರೋದು ನಿಂತಿತು, ಕಿಟ್ಟುಗಳು ಬೀರು ಸೇರಿದವು.

ಹಾಗಂತ ಈ ದಾರಿಯೇ ಬೇಡ ಅಂತ ನಾನು ಹೇಳೋದಿಲ್ಲ. ಇದರ ಒಳ್ಳೇ ರೂಪ ಒಂದಿದೆ. ಪ್ರೋಗ್ರಾಂ ಬರೆದು ದೀಪ, ಮೋಟರ್ ನಡೆಸುವ ಆರ್ಡುಯಿನೋ ಥರದ ಸಣ್ಣ ಸರ್ಕ್ಯೂಟ್ ಬೋರ್ಡಿನ ಸ್ಥಳೀಯ ನಕಲು ನಾವು ತರಿಸಿದಾಗ 500 ರೂಪಾಯಿ ಆಸುಪಾಸಿನಲ್ಲಿ ಸಿಕ್ಕಿತು. ಇಬ್ಬರಿಗೆ ಒಂದರಂತೆ 20 ಬೋರ್ಡಿಗೆ 10,000. ಬೆಸುಗೆ ಇಲ್ಲದೆ ವೈರು ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡು, ವೈರು, ಎಲ್‌ಇಡಿ, ಎರಡು ಮಲ್ಟಿಮೀಟರ್ ಸೇರಿ ಇನ್ನೊಂದು 6,000. ಸುಟ್ಟು ಹೋದರೂ ಅಳುವಂಥ ದುಡ್ಡಲ್ಲ, ಹಾಗಾಗಿ ಮಕ್ಕಳು ಧೈರ್ಯವಾಗಿ ಮುಟ್ಟುತ್ತಾರೆ. ಆದರೆ ಶಾಲೆಯಲ್ಲೇ ಇರುವ ಒಬ್ಬ ಟೀಚರ್ ಇದನ್ನ ಕಲಿತಿರಬೇಕು, ಕಂಪ್ಯೂಟರ್ ಲ್ಯಾಬಿನ ಬಾಗಿಲು ತೆರೆದಿರಬೇಕು. ಅದಿಲ್ಲದೆ ಬೋರ್ಡು ಕೊಳ್ಳೋದು ದಂಡ.

ಮಕ್ಕಳು ಬಿಚ್ಚಿ ಜೋಡಿಸಿ ಕಲಿಯೋಕೆ ಕೇಂದ್ರ ಸರ್ಕಾರ ಶಾಲೆಗಳಿಗೆ ಕೊಡುವ ಅಟಲ್ ಟಿಂಕರಿಂಗ್ ಲ್ಯಾಬ್ ಬಗ್ಗೆಯೂ ಕೇಳುತ್ತಾರೆ. 2016ರಲ್ಲಿ ಶುರುವಾದ ಈ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 5 ವರ್ಷದಲ್ಲಿ 20 ಲಕ್ಷ ರೂಪಾಯಿವರೆಗೆ ಸಹಾಯ ಸಿಗುತ್ತಿತ್ತು, 6ರಿಂದ 12ನೇ ತರಗತಿ ಮಕ್ಕಳಿಗೆ. ಖಾಸಗಿ ಶಾಲೆಗಳಿಗೂ ಸಿಕ್ಕಿದೆ. ಆದರೆ 2025ರ ಕೇಂದ್ರ ಬಜೆಟ್ಟಿನಲ್ಲಿ ಹೇಳಿದ 50,000 ಹೊಸ ಲ್ಯಾಬುಗಳು ಸರ್ಕಾರಿ ಶಾಲೆಗಳಿಗೆ. ಅದು ಸರಿಯಾದದ್ದೇ. ನೀವು ಹೊಸದಾಗಿ ಯೋಚಿಸುತ್ತಿರುವ ಖಾಸಗಿ ಶಾಲೆಯವರಾದರೆ ಇದನ್ನೇ ನಂಬಿ ಕೂರಬೇಡಿ. ಹತ್ತಿರದಲ್ಲಿ ಅಂಥ ಲ್ಯಾಬ್ ಇರುವ ಶಾಲೆ ಇದ್ದರೆ ತಿಂಗಳಿಗೊಂದು ಶನಿವಾರ ನಮ್ಮ ಮಕ್ಕಳನ್ನೂ ಕರಕೊಂಡು ಬರಬಹುದಾ ಅಂತ ಕೇಳಿ ನೋಡಿ.

ಬೀಗ ಹಾಕಿದ ಹಳೇ ಲ್ಯಾಬ್

ಸುಮಾರು ಶಾಲೆಗಳಲ್ಲಿ ವಿಜ್ಞಾನದ ಲ್ಯಾಬ್ ಇದ್ದೇ ಇರುತ್ತದೆ, ಮಾನ್ಯತೆ ನವೀಕರಣಕ್ಕೆ ಬೇಕಲ್ಲ. ಬೀಗದ ಕೈ ಮಾತ್ರ ಹೆಡ್‌ಮಾಸ್ಟರ್ ಡ್ರಾಯರಿನಲ್ಲಿ. ಹೊಸದೇನೂ ಕೊಳ್ಳುವ ಮುಂಚೆ ಆ ಬೀಗ ತೆಗೆಸಿ ಅನ್ನೋದು ನನ್ನ ಮೊದಲ ಸಲಹೆ.

ಒಂದು ಉದಾಹರಣೆ. ಹತ್ತನೇ ಕ್ಲಾಸಿನಲ್ಲಿ ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮ ಅನ್ನುವ ಪಾಠ ಬರುತ್ತದೆ. ಒಂದು ಸೆಲ್ಲು, ಎರಡು ಸೇಫ್ಟಿ ಪಿನ್ನು, ಒಂದು ಸಣ್ಣ ಆಯಸ್ಕಾಂತ, ಎನಾಮಲ್ (ಕರೆಂಟು ದಾಟದ ಲೇಪ) ಬಳಿದ ಒಂದು ಮೀಟರ್ ತಾಮ್ರದ ತಂತಿ. ಮೋಟರ್ ರಿವೈಂಡಿಂಗ್ ಅಂಗಡಿಗೆ ಹೋದರೆ ತಂತಿ ತೂಕದ ಲೆಕ್ಕದಲ್ಲಿ ಸಿಗುತ್ತದೆ. ಮಗುವಿಗೆ 50 ರೂಪಾಯಿ ಒಳಗೆ ಒಂದು ಮೋಟರ್ ಆಗುತ್ತದೆ. ಸುರುಳಿ ಸುತ್ತಿ, ಒಂದು ತುದಿಯ ಎನಾಮಲ್ ಪೂರ್ತಿ ಕೆರೆಯಬೇಕು, ಇನ್ನೊಂದು ತುದಿಯದು ಅರ್ಧ ಸುತ್ತು ಮಾತ್ರ. ಎರಡೂ ಕಡೆ ಪೂರ್ತಿ ಕೆರೆದ ಮಗುವಿನ ಸುರುಳಿ ಅಲ್ಲಾಡಿ ನಿಂತುಬಿಡುತ್ತದೆ. ಯಾಕೆ ನಿಂತಿತು ಅಂತ ಅದು ಹತ್ತು ಸಲ ಪಕ್ಕದವರ ಸುರುಳಿ ನೋಡುತ್ತದೆ, ಕೊನೆಗೆ ಅದಕ್ಕೇ ಗೊತ್ತಾಗುತ್ತದೆ. ದಿಕ್ಪರಿವರ್ತಕ (ಸುರುಳಿ ಒಂದೇ ಕಡೆ ತಿರುಗುತ್ತಲೇ ಇರುವಂತೆ ಕರೆಂಟನ್ನ ಬದಲಿಸುವ ಭಾಗ) ಅನ್ನುವ ಪದವನ್ನ ಆಮೇಲೆ ಹೇಳಿದರೆ ಸಾಕು, ಪರೀಕ್ಷೆ ದಿನ ಮರೆಯೋದಿಲ್ಲ. 40 ನಿಮಿಷದಲ್ಲಿ 35 ನಿಮಿಷ ಪ್ರತಿ ಮಗುವಿನ ಕೈಯಲ್ಲೂ ಕೆಲಸ.

ಇಂಥ ನೂರಾರು ಆಟಿಕೆ ಪ್ರಯೋಗಗಳನ್ನ ಕಸದಿಂದಲೇ ಮಾಡಿ ತೋರಿಸಿದವರು ಅರವಿಂದ ಗುಪ್ತಾ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ವೆಬ್‌ಸೈಟಿನಲ್ಲಿ ಎಲ್ಲ ಉಚಿತ. ಮಡಚುವ ಕಾಗದದ ಸೂಕ್ಷ್ಮದರ್ಶಕ ಫೋಲ್ಡ್‌ಸ್ಕೋಪ್ ಕೂಡ ಒಳ್ಳೇದು, ಸ್ಟ್ಯಾನ್‌ಫರ್ಡಿನ ಮನು ಪ್ರಕಾಶ್ ತಂಡ ಮಾಡಿದ್ದು, ಸುಮಾರು 140 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ. ಲ್ಯಾಬಿನಲ್ಲಿರುವ ಒಂದೇ ಮೈಕ್ರೋಸ್ಕೋಪಿನ ಮುಂದೆ 40 ಮಕ್ಕಳು ಸಾಲು ನಿಂತು ತಲೆಗೆ ಹತ್ತು ಸೆಕೆಂಡು ಇಣುಕುವುದಕ್ಕಿಂತ ಇದು ಎಷ್ಟೋ ವಾಸಿ. ಈರುಳ್ಳಿ ಸಿಪ್ಪೆಯ ಜೀವಕೋಶ ಆರಾಮಾಗಿ ಕಾಣುತ್ತದೆ.

ತೊಂದರೆಗಳೂ ಇವೆ. ಟೀಚರ್‌ಗೆ ಹಿಂದಿನ ದಿನ ಒಂದು ಗಂಟೆ ತಯಾರಿ ಬೇಕು, ಅದನ್ನ ಮ್ಯಾನೇಜ್‌ಮೆಂಟಿನವರು ಕೆಲಸ ಅಂತ ಒಪ್ಪಬೇಕು. ಆ್ಯಸಿಡ್ ಇರುವ ಪ್ರಯೋಗಕ್ಕೆ ಕನ್ನಡಕ ಬೇಕೇ ಬೇಕು. ಮತ್ತೆ ಹೊರಗಿನವರಿಗೆ ತೋರಿಸೋಕೆ ಇದರಲ್ಲಿ ಥಳಕು ಏನೂ ಇಲ್ಲ. ಅಡ್ಮಿಷನ್ ಕರಪತ್ರದಲ್ಲಿ "ಸೇಫ್ಟಿ ಪಿನ್ ಮೋಟರ್" ಅಂತ ಹಾಕಿದರೆ ಯಾರು ಬರುತ್ತಾರೆ ಅಂತ ನಮ್ಮ ಸೆಕ್ರೆಟರಿ ಕೇಳಿದ್ದರು. ಅವರ ಕಷ್ಟವೂ ನಿಜವೇ.

ಒಂದು ದಿನದ ಟ್ರಿಪ್

ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ, ಹೈಗ್ರೌಂಡ್ಸಿನ ಜವಾಹರಲಾಲ್ ನೆಹರು ತಾರಾಲಯ, ಮಂಗಳೂರಿನ ಪಿಲಿಕುಳ, ಧಾರವಾಡದ ಪ್ರಾದೇಶಿಕ ವಿಜ್ಞಾನ ಕೇಂದ್ರ, ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರ. ರಾಜ್ಯದ ಯಾವ ಮೂಲೆಯಲ್ಲಿದ್ದರೂ ಒಂದಲ್ಲ ಒಂದು ಹತ್ತಿರ ಇದೆ. ಪಿಲಿಕುಳದಲ್ಲಿ ವಿಜ್ಞಾನ ಕೇಂದ್ರದ ಜೊತೆ ಕುಶಲಕರ್ಮಿಗಳ ಹಳ್ಳಿ, ತುಳುನಾಡಿನ ಹಳೇ ದೊಡ್ಡಮನೆಯ ಮಾದರಿಯ ಗುತ್ತಿನ ಮನೆ, ತಾರಾಲಯ, ಪ್ರಾಣಿಗಳು ಎಲ್ಲ ಒಂದೇ ಕಡೆ, ಹಾಗಾಗಿ ಒಂದು ದಿನ ಸಾಲೋದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಮ್ಮೆ ಎಲ್ಲರಿಗೂ ಬಾಗಿಲು ತೆರೆಯುವ ದಿನವೂ ಚೆನ್ನಾಗಿರುತ್ತದೆ, ಪ್ರವೇಶ ಉಚಿತ, ಆದರೆ ಜನಜಂಗುಳಿ. 40 ಮಕ್ಕಳನ್ನ ಒಟ್ಟಿಗೆ ಕರಕೊಂಡು ಹೋಗೋದಕ್ಕಿಂತ ಅಪ್ಪ ಅಮ್ಮ ತಮ್ಮ ಮಕ್ಕಳನ್ನ ಕರಕೊಂಡು ಹೋಗೋದು ಒಳ್ಳೇದು.

ಖರ್ಚು ಹೇಳುತ್ತೇನೆ. ನಮ್ಮಲ್ಲಿಂದ ಬೆಂಗಳೂರಿಗೆ ಹೋಗಿ ಬರೋಕೆ ಬಸ್ಸಿಗೆ 16,000 ಕೊಟ್ಟೆವು. 48 ಮಕ್ಕಳು, ಊಟ, ಪ್ರವೇಶ ಶುಲ್ಕ ಸೇರಿ ತಲೆಗೆ 600 ಹತ್ತಿರ ಬಂತು. ಮೂರು ಗಂಟೆ ವಸ್ತುಸಂಗ್ರಹಾಲಯದ ಒಳಗಿದ್ದರೂ ಕೈ ಸಮಯ ಅರ್ಧ ಗಂಟೆ ದಾಟಲಿಲ್ಲ. ಮಕ್ಕಳು ಒಂದು ಗುಂಡಿ ಒತ್ತುತ್ತಾರೆ, ಏನಾಯಿತು ಅಂತ ನೋಡದೆ ಮುಂದಿನ ಗುಂಡಿಗೆ ಓಡುತ್ತಾರೆ.

ಮರುವರ್ಷ ಬೇರೆ ಥರ ಮಾಡಿದೆವು. ಇಬ್ಬಿಬ್ಬರಿಗೆ ಮೂರೇ ಮೂರು ಪ್ರದರ್ಶನ ಆರಿಸಿಕೊಳ್ಳಿ, ಅದನ್ನ ಶಾಲೆಗೆ ವಾಪಸ್ ಬಂದ ಮೇಲೆ ರಟ್ಟಿನಲ್ಲೋ ಕಡ್ಡಿಯಲ್ಲೋ ಮಾಡಿ ತೋರಿಸಬೇಕು ಅಂದೆವು. ರೈಟ್ ಸಹೋದರರ ವಿಮಾನದ ಪೂರ್ಣಗಾತ್ರದ ಮಾದರಿ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮುಂದೆ ಇಬ್ಬರು ಹುಡುಗಿಯರು ಮುಕ್ಕಾಲು ಗಂಟೆ ಕೂತು ರೆಕ್ಕೆಯ ಕಡ್ಡಿಗಳನ್ನ ಎಣಿಸಿ ಬರೆದುಕೊಂಡರು. ಖರ್ಚು ಅಷ್ಟೇ, ಸಿಕ್ಕಿದ್ದು ಹತ್ತು ಪಟ್ಟು. ಹೋಗುವ ಮುಂಚೆ ಒಂದು ಪೀರಿಯಡ್, ಬಂದ ಮೇಲೆ ಎರಡು ಪೀರಿಯಡ್ ಇಡೋಕೆ ಆಗದಿದ್ದರೆ ಆ 600ನ್ನ ಬೇರೆ ಕಡೆ ಹಾಕಿ.

ಸುರಕ್ಷತೆ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಆ ಸುದ್ದಿ ಓದಿದ ದಿನ ನನಗೆ ಪಾಠ ಮಾಡೋಕೆ ಆಗಲಿಲ್ಲ. ಅದಕ್ಕೇ ಹೇಳುತ್ತೇನೆ, ಕಲಿಕೆಯ ಟ್ರಿಪ್ಪಿಗೆ ಬೀಚು, ಜಲಪಾತ, ಡ್ಯಾಮು ಸೇರಿಸಬೇಡಿ. "ದಾರಿಯಲ್ಲೇ ಇದೆ, ಹತ್ತು ನಿಮಿಷ" ಅನ್ನುವ ಮಾತಿಗೆ ಒಪ್ಪಬೇಡಿ. ರಾತ್ರಿ ಪ್ರಯಾಣ ಬೇಡ. ಇಲಾಖೆಯ ಅನುಮತಿ ಪತ್ರ ಇದೆಯಾ, ಎಷ್ಟು ಮಕ್ಕಳಿಗೆ ಒಬ್ಬ ಟೀಚರ್, ಹೆಣ್ಣುಮಕ್ಕಳ ಜೊತೆ ಎಷ್ಟು ಜನ ಮಹಿಳಾ ಟೀಚರ್, ಇಷ್ಟನ್ನ ಅಪ್ಪ ಅಮ್ಮಂದಿರು ಸಂಕೋಚ ಇಲ್ಲದೆ ಕೇಳಬೇಕು.

ತೋಟ, ಮಣ್ಣು, ಮಳೆ

ತೋಟ ಇದೆ ಅನ್ನುವ ಶಾಲೆಗೆ ಹೋದಾಗ ಒಂದೇ ಪ್ರಶ್ನೆ ಕೇಳಿ. ನೀರು ಹಾಕೋರು ಯಾರು? ಮಾಲಿ ಅಂದರೆ ಅದು ಶಾಲೆಯ ತೋಟ, ಮಕ್ಕಳದ್ದಲ್ಲ.

ಮಕ್ಕಳದ್ದೇ ಆದರೆ ಇದು ತುಂಬಾ ಅಗ್ಗದ ದಾರಿ. ಬೀಜ, ಗೊಬ್ಬರ, ನಾಲ್ಕು ಗುದ್ದಲಿ, ಆರು ಕುರ್ಪಿ ಸೇರಿ 3,000 ಸಾಕು. ಮೆಂತ್ಯ, ದಂಟಿನ ಸೊಪ್ಪು ಒಂದು ತಿಂಗಳಲ್ಲಿ ಕೊಯ್ಲಿಗೆ ಬರುತ್ತವೆ, ಹುರುಳಿಕಾಯಿಗೆ ಎರಡು ತಿಂಗಳು. ಜೂನಿನಲ್ಲಿ ಹಾಕಿದರೆ ದಸರಾ ರಜೆಗೆ ಮುಂಚೆ ಒಂದು ಬೆಳೆ ಕೈಗೆ ಬರುತ್ತದೆ. ಆ ರಜೆಯಲ್ಲಿ ಏನೂ ನೆಟ್ಟಿರದಂತೆ ನೋಡಿಕೊಳ್ಳಿ. ಒಣಗಿದ ಗಿಡ ನೋಡಿದರೆ ಮಕ್ಕಳ ಮನಸ್ಸು ಮುರಿದುಹೋಗುತ್ತದೆ. ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಫೋನ್ ಮಾಡಿದರೆ ಮಣ್ಣು ಪರೀಕ್ಷೆ ಹೇಗೆ ಅಂತ ಹೇಳಿಕೊಡುತ್ತಾರೆ.

ಜಾಗವೇ ಇಲ್ಲದ ಶಾಲೆಗೆ ಮಳೆ ಇದೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಇಷ್ಟು ಗೊತ್ತಾದರೆ ಸಾಕು, ಎಂಟನೇ ಕ್ಲಾಸಿನ ಮಗು ಟೇಪು ಹಿಡಿದು ಶಾಲೆಯ ತಾರಸಿ ಅಳೆದು, 25 ಮಿಲಿಮೀಟರ್ ಮಳೆಗೆ 100 ಚದರ ಮೀಟರ್ ತಾರಸಿಯಿಂದ 2,500 ಲೀಟರ್ ಹರಿದುಹೋಯಿತು ಅಂತ ತಾನೇ ಲೆಕ್ಕ ಹಾಕುತ್ತದೆ. ನೇರ ಪಕ್ಕೆಯ ಪ್ಲಾಸ್ಟಿಕ್ ಬಾಟಲಿ ಕತ್ತರಿಸಿ ಮಳೆಮಾಪಕ ಮಾಡಬಹುದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿವಾರು ಮಳೆಯ ಲೆಕ್ಕ ಕೊಡುತ್ತದೆ, ಅದರ ಜೊತೆ ಹೋಲಿಸಿ ನೋಡುವಾಗ ಮಕ್ಕಳ ಖುಷಿ ನೋಡಬೇಕು.

ಊರಿನ ಕಸುಬು

ಇದು ನನಗೆ ತುಂಬಾ ಇಷ್ಟದ ವಿಷಯ. ಕರ್ನಾಟಕದ ಪ್ರತಿ ಭಾಗದಲ್ಲೂ ಒಂದು ಕಸುಬು ಪಾಠಪುಸ್ತಕದ ಪಕ್ಕದಲ್ಲೇ ಕೂತಿದೆ, ನಾವು ನೋಡಿಲ್ಲ ಅಷ್ಟೇ.

ಬೀದರಿನ ಬಿದ್ರಿ ಕೆಲಸವನ್ನೇ ತಗೊಳ್ಳಿ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ, ಕೊರೆದು ಬೆಳ್ಳಿ ತಂತಿ ಕೂರಿಸುತ್ತಾರೆ, ಆಮೇಲೆ ಹಳೇ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಉಜ್ಜಿದರೆ ಸತುವಿನ ಭಾಗ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಮಿಶ್ರಲೋಹ, ಲೋಹಗಳ ಕ್ರಿಯಾಶೀಲತೆ, ಎರಡೂ ಒಂದೇ ಬೋಗುಣಿಯಲ್ಲಿ! ಚನ್ನಪಟ್ಟಣದಲ್ಲಿ ಲೇತಿನ ಮೇಲೆ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಘರ್ಷಣೆಯ ಬಿಸಿಗೇ ಬಣ್ಣ ಕರಗಿ ಹತ್ತಿಕೊಳ್ಳುತ್ತದೆ. ಇಳಕಲ್ಲಿನಲ್ಲಿ ಸೀರೆಯ ಮೈಗೂ ಸೆರಗಿಗೂ ಎಳೆ ಎಳೆ ಕೊಂಡಿ ಹಾಕಿ ಜೋಡಿಸುವ ಲೆಕ್ಕ ಇದೆ. ಕೊಪ್ಪಳದ ಪಕ್ಕ ಕಿನ್ನಾಳದಲ್ಲಿ ಬಣ್ಣದ ಮರದ ಗೊಂಬೆ ಮಾಡುತ್ತಾರೆ.

ನಮ್ಮ ಕಡೆ ರೇಷ್ಮೆ. ಎರಡು ವರ್ಷದಿಂದ ಒಂಬತ್ತನೇ ಕ್ಲಾಸಿನವರು ತರಗತಿಯಲ್ಲೇ ಹುಳು ಸಾಕುತ್ತಿದ್ದಾರೆ. ಪಕ್ಕದ ಊರಿನ ರೈತರೊಬ್ಬರು ಎರಡನೇ ಜ್ವರ ಎದ್ದ ಚಾಕಿ ಹುಳುವನ್ನ (ಎಳೆಯ ಹುಳು) ದುಡ್ಡು ತಗೊಳ್ಳದೆ ಕೊಟ್ಟರು. ಪೊರೆ ಬಿಡೋಕೆ ಹುಳು ಮೇವು ಬಿಟ್ಟು ಕೂರುವುದಕ್ಕೆ ರೇಷ್ಮೆಯವರು ಜ್ವರ ಅನ್ನುತ್ತಾರೆ, ಗೂಡು ಕಟ್ಟುವ ಮುಂಚೆ ಹುಳುವಿಗೆ ನಾಲ್ಕು ಜ್ವರ. 40 ಮಕ್ಕಳಿಗೆ 8 ಬಿದಿರಿನ ತಟ್ಟೆ, ತಟ್ಟೆಗೆ 5 ಮಕ್ಕಳು. ಬೆಳಗ್ಗೆ, ಮಧ್ಯಾಹ್ನ, ಸಂಜೆ ಹಿಪ್ಪುನೇರಳೆ ಸೊಪ್ಪು ಹಾಕೋದು, ಕಸ ತೆಗೆಯೋದು, ಜ್ವರಕ್ಕೆ ಕೂತಾಗ ಸುಣ್ಣದ ಪುಡಿ ಉದುರಿಸೋದು, ದಿನಾ 10 ಹುಳು ತೂಗಿ ಬರೆಯೋದು. ಮೊಟ್ಟೆಯಿಂದ ಬಂದಾಗಿನ ತೂಕಕ್ಕಿಂತ ಹಣ್ಣಾಗುವ, ಅಂದರೆ ಗೂಡು ಕಟ್ಟೋಕೆ ಸಿದ್ಧವಾಗುವ ಹೊತ್ತಿಗೆ ಹುಳು ಸುಮಾರು 10,000 ಪಟ್ಟು ತೂಗುತ್ತದೆ ಅಂತ ನಾನು ಹೇಳಿದಾಗ ಯಾರೂ ನಂಬಲಿಲ್ಲ. ಗ್ರಾಫು ಬರೆದ ಮೇಲೆ ನಂಬಿದರು. ಆ ಗ್ರಾಫು ಗಣಿತದ ಟೀಚರ್‌ಗೂ ಬೇಕಾಯಿತು.

ಭಾನುವಾರ ತಟ್ಟೆಗಳು ಮನೆಗೆ ಹೋದವು. ಒಂದು ಗುಂಪಿನವರು ಔಷಧಿ ಹೊಡೆದ ಸೊಪ್ಪು ತಂದು ಹಾಕಿ ಒಂದೇ ರಾತ್ರಿಯಲ್ಲಿ ಎಲ್ಲ ಹುಳು ಸತ್ತವು. ಅವತ್ತು ಅತ್ತ ಹುಡುಗನೇ ಮರುದಿನ ಎಲ್ಲ ತಟ್ಟೆಗಳ ಸೊಪ್ಪು ಎಲ್ಲಿಂದ ಬಂತು ಅಂತ ಪಟ್ಟಿ ಮಾಡೋಕೆ ಶುರು ಮಾಡಿದ. ಹಣ್ಣಾದ ಹುಳುಗಳನ್ನ ಚಂದ್ರಿಕೆಗೆ (ಗೂಡು ಕಟ್ಟೋಕೆ ಇಡುವ ಬಿದಿರಿನ ಚೌಕಟ್ಟು) ಬಿಟ್ಟು, ಗೂಡು ಕಟ್ಟಿದ ಮೇಲೆ ಕೆಲವನ್ನ ಬೇಯಿಸಿ ನೂಲು ಬಿಚ್ಚಿದೆವು, ಕೆಲವನ್ನ ಚಿಟ್ಟೆ ಆಗೋಕೆ ಬಿಟ್ಟೆವು. ಬೇಯಿಸಿದರೆ ಒಳಗಿನ ಹುಳು ಸಾಯುತ್ತದೆ. ಅದನ್ನ ಮುಚ್ಚಿಡಬೇಡಿ, ಬೇಡ ಅನ್ನುವ ಮಗುವಿಗೆ ಬಲವಂತ ಮಾಡಬೇಡಿ. ನಮ್ಮಲ್ಲಿ ಆ ಮಾತುಕತೆ ಎರಡು ಪೀರಿಯಡ್ ನಡೆಯಿತು, ನನ್ನ 19 ವರ್ಷದಲ್ಲಿ ಅಂಥ ತರಗತಿ ಕಡಿಮೆ.

ಲೆಕ್ಕ ನೋಡಿ. 17 ದಿನ, ದಿನಕ್ಕೆ ತಲೆಗೆ 20 ನಿಮಿಷ, ಹತ್ತಿರ ಹತ್ತಿರ 6 ಗಂಟೆ ಕೈ ಸಮಯ. ತಟ್ಟೆ, ತೂಕದ ಯಂತ್ರ ಸೇರಿ ಖರ್ಚು 1,500, ಚಂದ್ರಿಕೆ ಎರವಲು. ಮಗುವಿಗೆ 40 ರೂಪಾಯಿಯೂ ಆಗಲಿಲ್ಲ, ಅಂದರೆ ಗಂಟೆಗೆ 7 ರೂಪಾಯಿ ಒಳಗೆ. ರೋಬೋಟಿಕ್ಸ್ ಕಿಟ್ಟಿನ ಗಂಟೆಗೆ 2,250ರ ಪಕ್ಕ ಇದನ್ನ ಇಟ್ಟು ನೋಡಿ.

ಆದರೆ ಇದು ಎಲ್ಲರಿಗೂ ಆಗೋದಿಲ್ಲ. ಹಿಪ್ಪುನೇರಳೆ ಹತ್ತಿರ ಇರಬೇಕು, ಕಸುಬುದಾರರ ಜೊತೆ ಶಾಲೆಗೆ ಒಡನಾಟ ಇರಬೇಕು, ಅವರ ಸಮಯಕ್ಕೆ ಗೌರವಧನ ಕೊಡಬೇಕು. ಬಿದ್ರಿಯ ಎರಕ, ಲೇತು ಮುಂತಾದವನ್ನ ಮಕ್ಕಳು ದೂರದಿಂದ ನೋಡಬೇಕೇ ಹೊರತು ಮುಟ್ಟಬಾರದು, ಹಾಗಾಗಿ ಅಲ್ಲಿ ಕೈ ಸಮಯ ಕಡಿಮೆ. ಗ್ಯಾರೇಜು, ವರ್ಕ್‌ಶಾಪಿಗೆ "ಇಂಟರ್ನ್‌ಶಿಪ್" ಅಂತ ಕಳಿಸುವ ಶಾಲೆಗಳಿಗೆ ಒಂದು ಮಾತು. 14 ವರ್ಷದೊಳಗಿನವರನ್ನ ದುಡಿಸಿಕೊಳ್ಳೋದು, 18ರೊಳಗಿನವರನ್ನ ಅಪಾಯದ ಕೆಲಸಕ್ಕೆ ಹಚ್ಚೋದು ಕಾನೂನಿನ ಪ್ರಕಾರ ಅಪರಾಧ. ಕಲಿಯೋಕೆ ಹೋಗಲಿ, ಟೀಚರ್ ಜೊತೆಗಿರಲಿ.

ಪ್ರಾಜೆಕ್ಟು ಮತ್ತು ನಾಟಕ

ಇನ್‌ಸ್ಪೈರ್ ಮಾನಕ್ ಅನ್ನುವ ಕೇಂದ್ರ ಸರ್ಕಾರದ ಯೋಜನೆಗೆ ಮಾನ್ಯತೆ ಇರುವ ಖಾಸಗಿ ಶಾಲೆಯೂ ಮಕ್ಕಳ 5 ಐಡಿಯಾ ಕಳಿಸಬಹುದು. ಆಯ್ಕೆಯಾದರೆ ಮಾದರಿ ಮಾಡೋಕೆ ಮಗುವಿನ ಖಾತೆಗೇ 10,000 ರೂಪಾಯಿ ಬರುತ್ತದೆ. ಒಳ್ಳೇ ಅವಕಾಶ, ಕಳಿಸಿ. ಆದರೆ ಸಿಗೋದು ಕೆಲವರಿಗೆ. ಇಡೀ ತರಗತಿಯ ಕೈಗೆ ಕೆಲಸ ಬೇಕು ಅಂದರೆ ಮನೆ ಮನೆಯ ನೀರಿನ ಲೆಕ್ಕದಂಥ ಸಣ್ಣ ಪ್ರಾಜೆಕ್ಟು ಮೇಲು. ಸೆಕೆಂಡಿಗೆ ಒಂದು ಹನಿ ಸೋರುವ ನಲ್ಲಿಯಿಂದ ದಿನಕ್ಕೆ ಎಷ್ಟು ಲೀಟರ್ ಹೋಗುತ್ತದೆ ಅಂತ ಲೋಟ ಇಟ್ಟು ಅಳೆಯಲಿ. ಅಪ್ಪ ಅಮ್ಮನೇ ಮಾಡಿಕೊಡುವ ಥರ್ಮಕೋಲ್ ಮಾಡೆಲ್ಲಿಗೆ ನಾನು ಸೊನ್ನೆ ಕೊಡುತ್ತೇನೆ.

ನಾಟಕವೂ ಕೈ ಕೆಲಸವೇ. ರಂಗಸಜ್ಜಿಕೆಗೆ ಅಳತೆ ಹಿಡಿದು ಮರ ಕೊಯ್ಯೋದು, ಬಟ್ಟೆ ಹೊಲಿಯೋದು, ದೀಪದ ವೈರಿಂಗು. ಮೈಸೂರಿನ ರಂಗಾಯಣದ ಚಿಣ್ಣರ ಮೇಳದಂಥ ಬೇಸಿಗೆ ಶಿಬಿರಗಳು ಏಪ್ರಿಲ್, ಮೇ ತಿಂಗಳಲ್ಲಿ ಇರುತ್ತವೆ. ಶಾಲೆಯಲ್ಲಿ ಏನೂ ಸಿಗದ ಮಗುವಿಗೆ ಇದು ದೊಡ್ಡ ದಾರಿ.

ಹಾಗಾದರೆ ನಿಮಗೆ ಯಾವುದು

ತಾಲ್ಲೂಕು ಕೇಂದ್ರದ ಸಣ್ಣ ಶಾಲೆ, ವರ್ಷಕ್ಕೆ 25,000 ಒಳಗೆ ಇರೋದು ಅಂದರೆ ಹಳೇ ಲ್ಯಾಬಿಗೆ 12,000 ಹಾಕಿ, ತೋಟಕ್ಕೆ 3,000, ಊರಿನ ಒಬ್ಬ ಕಸುಬುದಾರರಿಗೆ ಗೌರವಧನ 5,000. ಉಳಿದದ್ದು ಕೈಯಲ್ಲಿರಲಿ, ಏನಾದರೂ ಒಡೆದೇ ಒಡೆಯುತ್ತದೆ. ಟ್ರಿಪ್ ಬೇಡ.

60,000 ಇದ್ದರೆ ಇದರ ಮೇಲೆ ಇಬ್ಬರಿಗೊಂದು ಬೋರ್ಡಿನ ಎಲೆಕ್ಟ್ರಾನಿಕ್ಸ್ ಸೇರಿಸಿ, ಆದರೆ ಮೊದಲು ಟೀಚರ್ ಒಬ್ಬರನ್ನ ಬೇಸಿಗೆಯಲ್ಲೇ ತರಬೇತಿಗೆ ಕಳಿಸಿ, ಆ ದಿನಗಳ ಸಂಬಳ ಕೊಡಿ. ಬೆಂಗಳೂರಿನ ದೊಡ್ಡ ಶಾಲೆ, ದುಡ್ಡಿಗೆ ತೊಂದರೆ ಇಲ್ಲ, ಜಾಗ ಇಲ್ಲ ಅನ್ನೋರಿಗೆ ತಾರಸಿ ತೋಟ, ಮಳೆ ಲೆಕ್ಕ ಮತ್ತು ನಿಜವಾಗಿ ತೆರೆದಿರುವ ಟಿಂಕರಿಂಗ್ ಕೋಣೆ. ನಿಮ್ಮ ಮಕ್ಕಳಿಗೆ ಸಿಗದೇ ಇರೋದು ಕಿಟ್ಟಿಗಿಂತ ಹೆಚ್ಚಾಗಿ ಮಣ್ಣು.

ಮಗು ಹತ್ತನೇ ಕ್ಲಾಸಿಗೆ ಬಂದಿದ್ದರೆ ಹೊಸದೇನನ್ನೂ ಶುರು ಮಾಡಬೇಡಿ. ಪಾಠಕ್ಕೆ ಅಂಟಿಕೊಂಡ ಲ್ಯಾಬ್ ಪ್ರಯೋಗ ಸಾಕು. ಎಂಟು ಮತ್ತು ಒಂಬತ್ತು, ಈ ಎರಡು ವರ್ಷವೇ ಹುಳು ಸಾಕೋಕೆ, ಮೋಟರ್ ಸುತ್ತೋಕೆ, ಕೆಡಿಸೋಕೆ ಇರುವ ಸಮಯ.

ಶಾಲೆ ಏನೂ ಮಾಡೋದಿಲ್ಲ, ಬದಲಾಯಿಸೋಕೂ ಆಗೋದಿಲ್ಲ ಅನ್ನುವ ಅಪ್ಪ ಅಮ್ಮಂದಿರೇ, ಮನೆಯಲ್ಲಿ 1,000 ರೂಪಾಯಿಯ ಒಂದು ಡಬ್ಬ ಮಾಡಿ. ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್, ತಾಮ್ರದ ತಂತಿ, ಸೆಲ್ಲು, ಆಯಸ್ಕಾಂತ, ಒಂದು ಭೂತಗನ್ನಡಿ. ಕೆಟ್ಟ ಮಿಕ್ಸಿಯನ್ನ ಗುಜರಿಗೆ ಹಾಕುವ ಮುಂಚೆ ಪ್ಲಗ್ಗಿನ ವೈರು ಕತ್ತರಿಸಿ ಮಕ್ಕಳಿಗೆ ಬಿಚ್ಚೋಕೆ ಕೊಡಿ. ಟಿವಿ, ಮೈಕ್ರೋವೇವ್ ಮಾತ್ರ ಕೊಡಬೇಡಿ, ಆಫ್ ಮಾಡಿದ ಮೇಲೂ ಅವುಗಳ ಒಳಗೆ ಕರೆಂಟು ಉಳಿದಿರುತ್ತದೆ.

ಇನ್ನು ಅಡ್ಮಿಷನ್ನಿಗೆ ಶಾಲೆ ನೋಡೋಕೆ ಹೋಗುವವರು ಲ್ಯಾಬ್ ತೋರಿಸುವಾಗ ಬೆಂಚಿನ ಮೇಲೆ ಕೈ ಆಡಿಸಿ, ಧೂಳಿದೆಯಾ ನೋಡಿ. ಸಾಮಾನಿನ ಸ್ಟಾಕ್ ರಿಜಿಸ್ಟರಿನಲ್ಲಿ ಈ ವರ್ಷ ಎಷ್ಟು ಬೀಕರ್ ಒಡೆದಿದೆ ಅಂತ ಕೇಳಿ. ಒಂದೂ ಒಡೆದಿಲ್ಲ ಅಂದರೆ ಯಾರೂ ಮುಟ್ಟಿಲ್ಲ ಅಂತ ಅರ್ಥ. ಆಮೇಲೆ ಕಾರಿಡಾರಿನಲ್ಲಿ ಸಿಗುವ ಯಾವುದಾದರೂ ಒಂಬತ್ತನೇ ಕ್ಲಾಸಿನ ಮಗುವನ್ನ ನಿಲ್ಲಿಸಿ, "ಈ ತಿಂಗಳು ನೀನೇ ಮಾಡಿದ್ದು ಏನಾದರೂ ಇದೆಯಾ ಪುಟ್ಟ?" ಅಂತ ಕೇಳಿ. ಜೊತೆಗಿರುವ ಸ್ಟಾಫು ಉತ್ತರ ಹೇಳೋಕೆ ಬಂದರೆ ತಡೆದು, ಮಗು ಹೇಳುವವರೆಗೆ ಕಾಯಿರಿ.